ಬಸುರಿ ಬಿದ್ದಾಗ ಬೈಯಬೇಡಿ, ಮೊದಲು ಆಸ್ಪತ್ರೆಗೆ ಹೊರಡಿಸಿ

ಬಸುರಿ ಹೆಂಗಸು ಕಾಲು ಜಾರಿ ಬಿದ್ದಳು ಅಂದ ಕೂಡಲೇ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು "ನೋಡ್ಕೊಂಡು ನಡೆಯೋಕೆ ಆಗಲ್ವಾ?" ಎರಡನೆಯದು "ಎಷ್ಟು ಸಲ ಹೇಳಿದ್ದೆ, ನೀರಿನ ಕೊಡ ಎತ್ಬೇಡ ಅಂತ." ಮೂರನೆಯದು "ಮಗು ಮಿಸುಕಾಡ್ತಾ ಇದೆಯಲ್ಲ, ಏನೂ ಆಗಿರಲ್ಲ ಬಿಡು, ಬೆಳಗ್ಗೆ ನೋಡೋಣ." ಈ ಮೂರೂ ಮಾತಿನ ಮೇಲೆ ನನಗೆ ತುಂಬಾ ಸಿಟ್ಟಿದೆ. ಮೊದಲೆರಡಕ್ಕೆ ಹೆದರಿ ಹೆಣ್ಣುಮಕ್ಕಳು ಬಿದ್ದದ್ದನ್ನೇ ಮುಚ್ಚಿಡುತ್ತಾರೆ. ಮೂರನೆಯದು, ಆಸ್ಪತ್ರೆಯಲ್ಲಿ ಇರಬೇಕಾದ ಹೊತ್ತನ್ನು ಮನೆಯಲ್ಲೇ ಕಳೆಯುವ ಹಾಗೆ ಮಾಡುತ್ತದೆ.

ನಮ್ಮದು ಸಾಗರದ ಕಡೆ. ಮಲೆನಾಡಿನವರಿಗೆ ಮಳೆಗಾಲದ ಅಂಗಳ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಜುಲೈ ಬರುವಷ್ಟರಲ್ಲಿ ಪಾಚಿ ಕಟ್ಟಿರುತ್ತದೆ. ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಕಾಲಿಟ್ಟು ಓಡಾಡುತ್ತೇವೆ. ಗಟ್ಟಿ ಆಳುಗಳೇ ಜಾರಿ ಬೀಳುತ್ತಾರೆ. ಇನ್ನು ತುಂಬಿದ ಬಸುರಿ? ಅವಳ ಭಾರವೆಲ್ಲ ಮುಂದಕ್ಕೆ ಬಂದಿರುತ್ತದೆ. ಹೆರಿಗೆಗೆ ತಯಾರಾಗುತ್ತಾ ಸೊಂಟದ ಕೀಲುಗಳು ಸಡಿಲವಾಗಿರುತ್ತವೆ. ಹೊಟ್ಟೆ ಅಡ್ಡ ಬಂದು ತನ್ನ ಪಾದವೇ ತನಗೆ ಕಾಣಲ್ಲ. ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಬಸುರಿನಲ್ಲಿ ಒಮ್ಮೆಯಾದರೂ ಬಿದ್ದಿದ್ದರು. ಅಲ್ಲಿ ಪಾಚಿಯ ಅಂಗಳವೂ ಇಲ್ಲ, ಬಚ್ಚಲ ಹಂಡೆಯೂ ಇಲ್ಲ. ಬೀಳುವುದಕ್ಕೆ ಅಜಾಗ್ರತೆಯೇ ಬೇಕು ಅಂತಿಲ್ಲ.

ನನ್ನ ತಂಗಿಯ ವಿಷಯ ಹೇಳುತ್ತೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಏಳು ತಿಂಗಳು ತುಂಬಿತ್ತು. ಬಚ್ಚಲಿನಿಂದ ಹಿತ್ತಲಿಗೆ ಬಕೆಟ್ ಹಿಡಿದು ಬರುವಾಗ ಜಾರಿ ಕುಂಡಿ ಊರಿ ಬಿದ್ದಳು. ಹೊಟ್ಟೆಗೆ ಏನೂ ತಾಗಿರಲಿಲ್ಲ. ಎದ್ದು, ಸೀರೆ ಬದಲಾಯಿಸಿ, ಎಲ್ಲರಿಗೂ ಊಟಕ್ಕೆ ಬಡಿಸಿದಳು. ಯಾರಿಗೂ ಹೇಳಲಿಲ್ಲ. ಸಂಜೆ ಹೊತ್ತಿಗೆ ಹೊಟ್ಟೆ ಬಿಟ್ಟು ಬಿಟ್ಟು ಕಲ್ಲಿನ ಹಾಗೆ ಗಟ್ಟಿಯಾಗತೊಡಗಿತು. ಆಗ ಹೆದರಿ ಅತ್ತೆಗೆ ಹೇಳಿದಳು. ಅವಳ ಅತ್ತೆಯನ್ನು ನಾನು ಇವತ್ತಿಗೂ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ. ಒಂದು ಮಾತು ಬೈಯಲಿಲ್ಲ. "ಹಾಗೇ ಹೊರಡು ಮಾರಾಯ್ತಿ, ತಾಯಿ ಕಾರ್ಡ್ ಎಲ್ಲಿಟ್ಟಿದೀಯ?" ಅಂದರು, ಅಷ್ಟೇ. ಇಡೀ ದಿನ ತಂಗಿ ಹೆದರಿದ್ದು ಅವರಿಗೇ.

ಹೊಟ್ಟೆಗೆ ಪೆಟ್ಟಾಗದೇ ಇದ್ದರೆ ಸಾಕು ಅಂದುಕೊಳ್ಳುತ್ತೇವಲ್ಲ, ಅದು ಪೂರ್ತಿ ನಿಜವಲ್ಲ. ಮೊದಲ ಮೂರು ತಿಂಗಳು ಗರ್ಭಕೋಶ ಸೊಂಟದ ಮೂಳೆಗಳ ಒಳಗೇ ಇರುತ್ತದೆ, ಸಣ್ಣಪುಟ್ಟ ಬೀಳುವಿಕೆ ಮಗುವನ್ನು ತಟ್ಟುವುದು ಕಡಿಮೆ. ಐದು ತಿಂಗಳ ಹೊತ್ತಿಗೆ ಅದು ಹೊಕ್ಕುಳವರೆಗೆ ಬಂದಿರುತ್ತದೆ. ಮಗುವಿನ ಸುತ್ತ ನೀರಿದೆ, ಅದು ಕಾಪಾಡುತ್ತದೆ, ಸರಿ. ಆದರೆ ಗರ್ಭಕೋಶದ ಒಳಗೋಡೆಗೆ ಅಂಟಿಕೊಂಡಿರುವ ಮಾಸು, ಅಂದರೆ ಪ್ಲಾಸೆಂಟಾ? ಬಲೂನಿನ ಒಳಗೋಡೆಗೆ ಕಾಗದ ಅಂಟಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಬಲೂನು ಜಗ್ಗುತ್ತೆ, ಕಾಗದ ಜಗ್ಗಲ್ಲ. ಜೋರಾಗಿ ಕುಲುಕಿದರೆ ಅಂಟು ಬಿಡುತ್ತದೆ. ಬಿದ್ದ ಏಟಿಗೆ ಗರ್ಭಕೋಶದ ಗೋಡೆ ಜಗ್ಗಿದಾಗ ಮಾಸು ಹಾಗೆ ಕಳಚಿಕೊಳ್ಳಬಹುದು. ಮಗುವಿಗೆ ಉಸಿರು, ಆಹಾರ ಎಲ್ಲ ಬರುವುದು ಅದರಿಂದಲೇ. ಕುಂಡಿ ಊರಿ ಬಿದ್ದರೂ ಹೀಗಾಗಬಹುದು. ಬಹಳ ಮಂದಿಗೆ ಆಗಲ್ಲ, ನಿಜ. ಆದವರಿಗೆ ಮಾತ್ರ ಗಂಟೆಗಳ ಲೆಕ್ಕ.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಏನು ಅಂದರೆ, ಕಳಚಿದ ಮಾಸಿನ ಹಿಂದೆ ರಕ್ತ ಒಳಗೇ ನಿಲ್ಲಬಹುದು. ಹೊರಗೆ ಒಂದು ಹನಿಯೂ ಕಾಣದೆ ಇರಬಹುದು. ಮಗು ಅಷ್ಟು ಹೊತ್ತು ಮಿಸುಕಾಡುತ್ತಲೂ ಇರಬಹುದು. ಹಾಗಾಗಿ "ರಕ್ತ ಹೋಗಿಲ್ಲ, ಮಗು ಆಡ್ತಾ ಇದೆ" ಅನ್ನುವುದು ಸಮಾಧಾನದ ಮಾತು ಹೌದು, ಪರೀಕ್ಷೆ ಅಲ್ಲ. ಹೊಟ್ಟೆ ನೋವು, ಬಿಡದ ಸೊಂಟ ನೋವು, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗುವುದು, ರಕ್ತ ಅಥವಾ ನೀರು ಹೋಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ತಲೆಸುತ್ತು: ಇದರಲ್ಲಿ ಒಂದಿದ್ದರೂ ಕಾಯುವ ಮಾತೇ ಇಲ್ಲ. ಐದು ತಿಂಗಳು ದಾಟಿದವರು ಇದ್ಯಾವುದೂ ಇಲ್ಲದಿದ್ದರೂ ಅವತ್ತೇ ತೋರಿಸಬೇಕು.

ಈಗ ಆಸ್ಪತ್ರೆಯ ವಿಷಯಕ್ಕೆ ಬರುತ್ತೇನೆ. ತಂಗಿಯನ್ನು ಮೊದಲು ಕರೆದುಕೊಂಡು ಹೋದದ್ದು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ. ಸ್ಕ್ಯಾನ್ ಮಾಡಿದರು. "ಹಾರ್ಟ್‌ಬೀಟ್ ಚೆನ್ನಾಗಿದೆ, ಮನೆಗೆ ಹೋಗಿ ರೆಸ್ಟ್ ಮಾಡಿ" ಅಂದರು. ಐದು ನಿಮಿಷದ ಕೆಲಸ. ಹೊಟ್ಟೆ ಗಟ್ಟಿಯಾಗುತ್ತಿದೆ ಅಂದದ್ದಕ್ಕೆ ನೋವಿನ ಇಂಜೆಕ್ಷನ್ ಕೊಡ್ತೀನಿ ಅಂದರು. ತಾಯಿ ಕಾರ್ಡನ್ನು ಯಾರೂ ಬಿಡಿಸಿ ನೋಡಲಿಲ್ಲ. ಅದರಲ್ಲಿ ದೊಡ್ಡದಾಗಿ ಬರೆದಿತ್ತು, ಓ ನೆಗೆಟಿವ್ ಅಂತ. ಇದು ನನಗೆ ಇವತ್ತಿಗೂ ನುಂಗಲಾಗದ ವಿಷಯ.

ಸ್ಕ್ಯಾನಿಂಗ್ ಬೇಡ ಅನ್ನುತ್ತಿಲ್ಲ. ಆದರೆ ಮಾಸು ಕಳಚಿದ್ದನ್ನು ಸ್ಕ್ಯಾನ್ ಬಹಳ ಸಲ ಹಿಡಿಯುವುದಿಲ್ಲ. ಹೊಸದಾಗಿ ನಿಂತ ರಕ್ತ ಪರದೆಯ ಮೇಲೆ ಮಾಸಿನ ಹಾಗೇ ಕಾಣುತ್ತದೆ. ಅದಕ್ಕೇ ಬಿದ್ದ ಬಸುರಿಯನ್ನು ಕನಿಷ್ಠ 4 ಗಂಟೆ ಹೊಟ್ಟೆಗೆ ಮಗುವಿನ ಎದೆಬಡಿತ ದಾಖಲಿಸುವ ಮೆಷಿನ್ನಿನ ಬೆಲ್ಟ್ ಕಟ್ಟಿ ನೋಡಬೇಕು ಅಂತ ವೈದ್ಯರ ಪುಸ್ತಕಗಳೇ ಹೇಳುತ್ತವೆ. ಹೊಟ್ಟೆ ಗಟ್ಟಿಯಾಗುವುದು ನಿಲ್ಲದಿದ್ದರೆ, ರಕ್ತ ಕಂಡರೆ, 24 ಗಂಟೆ.

ಅತ್ತೆಯ ಹಟಕ್ಕೆ ಅದೇ ರಾತ್ರಿ ಇನ್ನೊಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಎಡ ಮಗ್ಗುಲಾಗಿ ಮಲಗಿಸಿದರು. ತುಂಬಿದ ಬಸುರಿ ಅಂಗಾತ ಮಲಗಿದರೆ ಗರ್ಭಕೋಶದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತುತ್ತದಂತೆ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಎರಡು ಬಿಲ್ಲೆಗಳನ್ನು ಬೆಲ್ಟಿನಿಂದ ಬಿಗಿದರು. ಒಂದು ಮಗುವಿನ ಎದೆಬಡಿತಕ್ಕೆ, ಇನ್ನೊಂದು ಹೊಟ್ಟೆ ಗಟ್ಟಿಯಾಗುವುದನ್ನು ಅಳೆಯುವುದಕ್ಕೆ. ಕಾಗದದ ಪಟ್ಟಿ ಸರಸರ ಹೊರಗೆ ಬರುತ್ತಿತ್ತು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಕೆಳಗಿನ ಗೆರೆ ಗುಡ್ಡದ ಹಾಗೆ ಏಳುವಾಗ ಸಿಸ್ಟರ್ ತಂಗಿಯ ಹೊಟ್ಟೆ ಮೇಲೆ ಕೈ ಇಟ್ಟು ನೋಡುತ್ತಿದ್ದರು, ಕಣ್ಣು ಮಾತ್ರ ಮೇಲಿನ ಗೆರೆಯ ಮೇಲೆ. ಆಗ ಮಗುವಿನ ಬಡಿತ ಇಳಿಯುತ್ತಾ ಅಂತ ನೋಡುವುದಂತೆ. ಇಳಿಯಲಿಲ್ಲ. ನಡುರಾತ್ರಿ ದಾಟಿದ ಮೇಲೆ ಗುಡ್ಡಗಳು ಸಣ್ಣವಾದವು.

ತಂಗಿಯದು ಓ ನೆಗೆಟಿವ್ ಅಂದೆನಲ್ಲ, ಅಂಥವರಿಗೆ ಬೇಕಾದದ್ದು ಆಂಟಿ-ಡಿ ಅನ್ನುವ ಇಂಜೆಕ್ಷನ್. ತಾಯಿಯದು ನೆಗೆಟಿವ್ ಗುಂಪು, ಮಗುವಿನದು ಪಾಸಿಟಿವ್ ಆಗಿದ್ದರೆ, ಬಿದ್ದಾಗ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ತಾಯಿಯ ಮೈ ಅದರ ವಿರುದ್ಧ ಕೆಲಸ ಶುರು ಮಾಡುತ್ತದೆ. ಜಾಸ್ತಿ ಪೆಟ್ಟು ಬೀಳುವುದು ಮುಂದಿನ ಮಗುವಿಗೆ. 72 ಗಂಟೆಯೊಳಗೆ ಈ ಇಂಜೆಕ್ಷನ್ ಕೊಟ್ಟರೆ ತಡೆಯಬಹುದು. ಏಳನೇ ತಿಂಗಳಲ್ಲಿ ಒಮ್ಮೆ ಕೊಟ್ಟಿದ್ದರೂ ಬಿದ್ದ ಮೇಲೆ ಮತ್ತೆ ಕೊಡಬೇಕಾಗುತ್ತದೆ. ನಿಮ್ಮ ಮನೆಯ ಹುಡುಗಿ ನೆಗೆಟಿವ್ ಗುಂಪಿನವಳಾದರೆ ವೈದ್ಯರು ಕೇಳಲಿ ಅಂತ ಕಾಯಬೇಡಿ. ನೀವೇ ಹೇಳಿ. ಎರಡೆರಡು ಸಲ ಹೇಳಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಸುಮ್ನೆ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ, ಐದು ತಿಂಗಳ ಮೇಲೆ ಅದು ಮಗುವಿನ ಮೂತ್ರಪಿಂಡಕ್ಕೆ, ಕೊನೆಯ ತಿಂಗಳುಗಳಲ್ಲಿ ಹೃದಯದ ರಕ್ತನಾಳಕ್ಕೆ ತೊಂದರೆ ಮಾಡಬಹುದು. ಕೈ ಮುರಿದಿದೆ ಅಂತ ಅನುಮಾನ ಇದ್ದರೆ ಎಕ್ಸ್‌ರೇ ತೆಗೆಸಿ. ಮಣಿಕಟ್ಟಿನ ಎಕ್ಸ್‌ರೇಯಿಂದ ಮಗುವಿಗೆ ತಲುಪುವುದು ಇಲ್ಲ ಅನ್ನುವಷ್ಟು ಕಡಿಮೆ. ಹೆರಿಗೆ ಆಗಲಿ ಅಂತ ಮುರಿದ ಕೈ ಹಿಡಿದು ಕೂರುವುದು ಅನ್ಯಾಯ. ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕುವುದಂತೂ ಬೇಡವೇ ಬೇಡ. ದೃಷ್ಟಿ ತೆಗೆಯುವವರು ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯಿರಿ.

ದೂರ ನಮ್ಮ ದೊಡ್ಡ ಕಷ್ಟ, ಗೊತ್ತು. ಸಾಗರದಿಂದ ಶಿವಮೊಗ್ಗಕ್ಕೇ 70 ಕಿಲೋಮೀಟರ್. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ರಾತ್ರಿ ಹೊತ್ತು ಲಾಂಚ್ ಇಲ್ಲದೆ ಎಷ್ಟು ಒದ್ದಾಡಿದ್ದಾರೆ. ದೂರ ಇದೆ ಅಂತಲೇ ಬೇಗ ಹೊರಡಬೇಕು, ಅಲ್ವಾ? ನೆಟ್‌ವರ್ಕ್ ಸಿಕ್ಕ ಕೂಡಲೇ 108ಕ್ಕೆ ಮಾಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಔಷಧಿ, ಪರೀಕ್ಷೆ, ರಕ್ತ, ಇನ್ನೊಂದು ಆಸ್ಪತ್ರೆಗೆ ಕಳಿಸುವ ಗಾಡಿ, ಎಲ್ಲ ಉಚಿತ. ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಇದೆ. ಬೈಕಿನಿಂದ ಬಿದ್ದದ್ದಾದರೆ "ಪೊಲೀಸ್ ಕೇಸು, ಮುಟ್ಟಲ್ಲ" ಅಂತ ಯಾರೂ ಅನ್ನುವ ಹಾಗಿಲ್ಲ. ಮೊದಲು ಜೀವ ಉಳಿಸಿ, ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಇನ್ನೊಂದು ಮಾತು, ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. "ಜಾರಿ ಬಿದ್ದೆ" ಅನ್ನುವ ಎಲ್ಲರೂ ಜಾರಿ ಬಿದ್ದಿರುವುದಿಲ್ಲ. ಕೆಲವರನ್ನು ತಳ್ಳಿರುತ್ತಾರೆ. ಗಂಡ ಪಕ್ಕದಲ್ಲೇ ನಿಂತಿರುವಾಗ ಅವಳು ಹೇಗೆ ಹೇಳಿಯಾಳು? ವೈದ್ಯರೇ, ಸಿಸ್ಟರ್‌ಗಳೇ, ದಯವಿಟ್ಟು ಮನೆಯವರನ್ನು ಎರಡು ನಿಮಿಷ ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಿ. 181 ಮಹಿಳಾ ಸಹಾಯವಾಣಿ ಅಂತ ಇದೆ ಅನ್ನುವುದನ್ನೂ ಅವಳ ಕಿವಿಗೆ ಹಾಕಿ.

ಸಣ್ಣ ಊರಿನ ನರ್ಸಿಂಗ್ ಹೋಮಿನವರಿಗೂ ಒಂದು ಕೋರಿಕೆ. ನಿಮ್ಮಲ್ಲಿ ಆ ಬೆಲ್ಟಿನ ಮೆಷಿನ್ ಇಲ್ಲದಿದ್ದರೆ ತಪ್ಪಿಲ್ಲ. ಇಲ್ಲ ಅಂತ ಹೇಳಿ. ಎಷ್ಟು ಹೊತ್ತಿಗೆ ಬಿದ್ದಳು, ಹೇಗೆ ಬಿದ್ದಳು, ಹೊಟ್ಟೆ ಎಷ್ಟೆಷ್ಟು ಹೊತ್ತಿಗೆ ಗಟ್ಟಿಯಾಗುತ್ತಿದೆ, ರಕ್ತದ ಗುಂಪು ಯಾವುದು, ಏನು ಔಷಧಿ ಕೊಟ್ಟಿರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮುಂದಿನ ಆಸ್ಪತ್ರೆಗೆ ಕಳಿಸಿಕೊಡಿ. ಸಾಧ್ಯವಾದರೆ ಅಲ್ಲಿಗೆ ಒಂದು ಫೋನೂ ಮಾಡಿ. ಘಾಟಿ ರಸ್ತೆಯಲ್ಲಿ ಬಂದು ಮುಟ್ಟಿದವಳನ್ನು ಮತ್ತೆ ಮೊದಲಿನಿಂದ ಪ್ರಶ್ನೆ ಕೇಳುತ್ತಾ ಕೂರಿಸುವುದಾದರೂ ತಪ್ಪುತ್ತದೆ.