ತೊಂಬತ್ತು ದಿನದೊಳಗೆ ಚಹಾ ಅಂಗಡಿ

ಚಹಾ ಅಂಗಡಿ ಫ್ರಾಂಚೈಸಿಯ ಅಗ್ರಿಮೆಂಟ್ ಬರೆಯುವ ವಕೀಲರಿಗೆ ಈ ಸಲ ರಾಜ್ಯೋತ್ಸವ ಪ್ರಶಸ್ತಿ ಕೊಡಲೇಬೇಕು. ಯಾವ ಕ್ಷೇತ್ರ ಅಂತೀರಾ? ‘ಸಂಕೀರ್ಣ’ ಅಂತ ಒಂದು ಇದೆಯಲ್ಲ, ಅದರಲ್ಲಿ ತೂರಿಸಿದರಾಯ್ತು.

ಎಂಥ ಬರವಣಿಗೆ ನೋಡಿ. ಫೀ ಕಟ್ಟಿ ಕಂಪನಿಯ ಹೆಸರಲ್ಲಿ ಅಂಗಡಿ ಇಡೋರು ನೀವು, ಜಾಗವನ್ನೂ ನೀವೇ ಹುಡುಕಬೇಕು. ಅದನ್ನು ಕಂಪನಿ ಒಪ್ಪಬೇಕು. ಒಪ್ಪೋದು ಬಿಡೋದು ಅವರಿಷ್ಟ, ಕಾರಣ ಕೇಳುವಂತಿಲ್ಲ. ಎಷ್ಟು ದಿನದಲ್ಲಿ ಹೇಳ್ತಾರೆ ಅನ್ನೋದು ಎಲ್ಲೂ ಇಲ್ಲ. ಒಪ್ಪಿದ ಮಾತ್ರಕ್ಕೆ ಅಲ್ಲಿ ವ್ಯಾಪಾರ ಆಗುತ್ತೆ ಅಂತಲೂ ಅಲ್ಲವಂತೆ. ಅಂಗಡಿ ಮಾತ್ರ ಸಹಿ ಹಾಕಿದ ದಿನದಿಂದ 90 ದಿನದೊಳಗೆ ತೆರೆಯಬೇಕು. ಇಲ್ಲದಿದ್ದರೆ ಕಟ್ಟಿದ ಫೀ ಗೋವಿಂದ.

ಜಾಗ ನೋಡೋಕೆ ಬರುವ ಹುಡುಗನದ್ದೇ ಒಂದು ಕಥೆ. ಮಳಿಗೆ ಇರೋದು ಶಾಲೆ ಎದುರು. ಅವನು ಬರೋದು ಭಾನುವಾರ ಮಧ್ಯಾಹ್ನ. ಫುಟ್‌ಪಾತ್ ಮೇಲೆ ನಿಂತು ಓಡಾಡುವವರನ್ನು ಎಣಿಸ್ತಾನೆ. ಒಬ್ಬ ತಾತ, ಎರಡು ನಾಯಿ, ವಿಳಾಸ ಹುಡುಕುತ್ತಿರುವ ಡೆಲಿವರಿ ಹುಡುಗ. ‘ಫುಟ್‌ಫಾಲ್ ಸಾಲದು ಸಾರ್’ ಅಂತ ಬರೆದುಕೊಂಡು ಹೋಗ್ತಾನೆ. ಬೆಂಗಳೂರಿನ ದರ್ಶಿನಿಗಳೆಲ್ಲ ಹೀಗೆ ಎಣಿಸಿಕೊಂಡು ಕೂತಿದ್ದರೆ ನಾವಿನ್ನೂ ಮನೆಯಲ್ಲೇ ಹಿಟ್ಟು ರುಬ್ಬುತ್ತಿದ್ದೆವು. ಇಷ್ಟಕ್ಕೂ ಕಂಪನಿಯ ಡ್ರಾಯಿಂಗ್‌ನಲ್ಲಿ ಬಾಗಿಲು ಎಡಕ್ಕೆ, ಓನರ್ ವಾಸ್ತುವಿನಲ್ಲಿ ಬಲಕ್ಕೆ.

ಓನರ್ ಅಂದೆನಲ್ಲ, ಅವರು ಹತ್ತು ತಿಂಗಳ ಅಡ್ವಾನ್ಸ್ ಕೈಗೆ ಬೀಳದೆ ಮಳಿಗೆ ಹಿಡಿದಿಡಲ್ಲ. ಕಂಪನಿ ಮಳಿಗೆ ಪಕ್ಕಾ ಆಗದೆ ಜಾಗ ನೋಡಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ‘ರಿಜೆಕ್ಟ್’ ಅಂತ ಮೆಸೇಜ್ ಬಂದರೆ ಇಬ್ಬರೂ ಫೋನ್ ಎತ್ತಲ್ಲ.

ಸರಿ, ಜಾಗ ಓಕೆ ಆಯ್ತು ಅಂತಿಟ್ಟುಕೊಳ್ಳಿ. ಓಸಿ, ಅಂದರೆ ಕಟ್ಟಡ ಬಳಸಬಹುದು ಅನ್ನೋ ಸರ್ಕಾರಿ ಪತ್ರ, ಇಲ್ಲದ ಕಟ್ಟಡಕ್ಕೆ ಕರೆಂಟ್ ಕೊಡಬೇಡಿ ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಟ್ರೇಡ್ ಲೈಸೆನ್ಸ್ ಫೈಲು ಯಾರ ಟೇಬಲ್ ಮೇಲಿದೆ ಅಂತ ಅಲೆಯೋದೂ ಆ 90 ದಿನದ ಲೆಕ್ಕಕ್ಕೇ.

ಅಮೆರಿಕದಲ್ಲಿ ಫ್ರಾಂಚೈಸಿಗೆ 1979ರಿಂದ ನಿಯಮ ಇದೆ. ಜಾಗ ಒಪ್ಪೋಕೆ ಎಷ್ಟು ದಿನ, ಒಪ್ಪಿಗೆ ಆಗದಿದ್ದರೆ ಮುಂದೇನು ಅನ್ನೋದನ್ನು ಈಗ ಅಲ್ಲಿ ಮೊದಲೇ ಬರೆದು ಕೊಡಬೇಕು. ಅಷ್ಟಿದ್ದೂ ಬರ್ಗರಿಮ್ ಅನ್ನೋ ಕಂಪನಿ 1,500ಕ್ಕೂ ಜಾಸ್ತಿ ಜನಕ್ಕೆ ಫ್ರಾಂಚೈಸಿ ಮಾರಿತು, ಬಹುಪಾಲು ಅಂಗಡಿ ತೆರೆಯಲೇ ಇಲ್ಲ ಅಂತ 2022ರಲ್ಲಿ ಸರ್ಕಾರವೇ ಕೇಸು ಹಾಕಿತು. ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಇರೋದು 1872ರ ಕರಾರು ಕಾಯ್ದೆ. ಎದುರು ಪಾರ್ಟಿಯೇ ಕೆಲಸಕ್ಕೆ ಅಡ್ಡ ಬಂದರೆ ಕರಾರು ಬಿಡಬಹುದು, ನಷ್ಟವನ್ನೂ ಕೇಳಬಹುದು ಅಂತ ಅದರ 53ನೇ ಸೆಕ್ಷನ್ ಹೇಳುತ್ತೆ. ಧಾರಾಳವಾಗಿ ಕೇಳಿ. ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗಿನ ಪಂಚಾಯ್ತಿ, ಗುರುಗ್ರಾಮದಲ್ಲಿ, ಟಿಕೆಟ್ ನಿಮ್ಮದು.

ತಮಾಷೆ ಸಾಕು. ಹೀಗೆ ದುಡ್ಡು ಕಟ್ಟುವವರಲ್ಲಿ ವಿಆರ್‌ಎಸ್ ತಗೊಂಡವರಿದ್ದಾರೆ, ಹೆಂಡತಿಯ ಒಡವೆ ಅಡವಿಟ್ಟವರಿದ್ದಾರೆ. ಅಂಗಡಿ ತೆರೆಯದೇ ಹೋದರೂ ಫೀ ದಕ್ಕುತ್ತೆ ಅಂದಮೇಲೆ ಜಾಗ ಒಪ್ಪೋಕೆ ಕಂಪನಿಗೆ ಏನು ಅವಸರ?

ದಿನದ ಎಣಿಕೆ ಜಾಗ ಒಪ್ಪಿದ ಮೇಲೆ ಶುರುವಾಗಲಿ ಅಂತ ಒಂದೇ ಒಂದು ಸಾಲು ಸೇರಿಸಿ ಅಂತ ಕೇಳಿ ನೋಡಿ. ‘ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸಾರ್, ಅಕ್ಷರ ಮುಟ್ಟೋ ಹಾಗಿಲ್ಲ. ಬೇಕಾದ್ರೆ ಇವತ್ತೇ ಸಹಿ ಹಾಕಿ, ಫೀನಲ್ಲಿ ಐವತ್ತು ಸಾವಿರ ಬಿಟ್ಕೊಡ್ತೀವಿ.’