ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು

2021ರ ಆಗಸ್ಟ್ 15ರಂದು ತಾಲಿಬಾನಿಗಳು ಕಾಬೂಲನ್ನು ಹೊಕ್ಕರು. ಅದೇ ವಾರ, ಅಫ್ಘಾನಿಸ್ತಾನದ ಪುನರ್ನಿರ್ಮಾಣದ ಲೆಕ್ಕ ನೋಡಲೆಂದು ಅಮೆರಿಕ ಸರ್ಕಾರ ನೇಮಿಸಿದ್ದ ವಿಶೇಷ ತಪಾಸಣಾಧಿಕಾರಿಯ ಕಚೇರಿಯು, ಇಪ್ಪತ್ತು ವರ್ಷಗಳ ಅನುಭವದಿಂದ ಕಲಿಯಬೇಕಾದ ಪಾಠಗಳ ವರದಿಯೊಂದನ್ನು ಹೊರತಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ವಾಷಿಂಗ್ಟನ್ನಿನವರ ಕಿವಿಗೆ ಬಿದ್ದಿರಲಾರದು. ಬಿದ್ದಿದ್ದರೆ ಆ ಬಾಗಿಲಿಗೂ ಟೆಂಡರ್ ಕರೆದು, ಅದನ್ನು ಹಾಕಲು ತಡವಾದುದೇಕೆ ಎಂದು ಇನ್ನೊಂದು ವರದಿ ಬರೆಸುತ್ತಿದ್ದರು.

ನನ್ನ ತಕರಾರು ಆ ಲೆಕ್ಕಿಗರ ಮೇಲಲ್ಲ. ಅದು ಅವರ ಪಾಠಮಾಲೆಯ 11ನೆಯ ಪುಸ್ತಕ. ಹಿಂದಿನ ಹತ್ತನ್ನು ಯುದ್ಧ ನಡೆಯುತ್ತಿರುವಾಗಲೇ ಬರೆದು ಸಲ್ಲಿಸಿದ್ದರು. ಅಫ್ಘಾನ್ ಸೈನಿಕರ ಸಮವಸ್ತ್ರದ ಕಥೆಯನ್ನೂ ಅವರೇ ಬಯಲಿಗೆಳೆದಿದ್ದರು. ನೆಲದ ಶೇಕಡಾ 2ರಷ್ಟು ಮಾತ್ರ ಕಾಡಿರುವ ದೇಶದ ಸೈನ್ಯಕ್ಕೆ ದಟ್ಟ ಕಾಡಿನೊಳಗೆ ಅಡಗಲು ಹೇಳಿ ಮಾಡಿಸಿದ ಹಸಿರು ಚಿತ್ತಾರದ ಬಟ್ಟೆಯನ್ನು ಆರಿಸಲಾಯಿತು. ಅಲ್ಲಿನ ರಕ್ಷಣಾ ಮಂತ್ರಿಗೆ ಆ ಚಿತ್ತಾರ ಹಿಡಿಸಿತ್ತು ಎಂಬುದೇ ಕಾರಣ. ಇದರಿಂದ ಆದ ಹೆಚ್ಚುವರಿ ಖರ್ಚು 2.8 ಕೋಟಿ ಡಾಲರ್‌ವರೆಗೆ ಇರಬಹುದೆಂದು ಅಂದಾಜು. ಬೋಳು ಗುಡ್ಡದ ಮೇಲೆ ಹಸಿರುಟ್ಟು ನಿಂತವನನ್ನು ಹುಡುಕುವ ಶ್ರಮವಾದರೂ ಶತ್ರುವಿಗೆ ತಪ್ಪಿತು. ಹೆಲ್ಮಂಡ್ ಪ್ರಾಂತ್ಯದಲ್ಲಿ 64,000 ಚದರ ಅಡಿಯ ಕಮಾಂಡ್ ಕಟ್ಟಡ ಬೇಡವೆಂದು ಸ್ಥಳದಲ್ಲಿದ್ದ ಸೇನಾಧಿಕಾರಿಗಳೇ ಹೇಳಿದರೂ ಅದನ್ನು ಕಟ್ಟಲಾಯಿತು, ಯಾರೂ ಅದನ್ನು ಬಳಸಲಿಲ್ಲ. 54.9 ಕೋಟಿ ಡಾಲರ್‌ನ ಯೋಜನೆಯಲ್ಲಿ ಬಂದ 20 ಸರಕು ವಿಮಾನಗಳ ಪೈಕಿ 16 ಗುಜರಿಗೆ ಹೋದಾಗ ಕೈಗೆ ಬಂದದ್ದು ಸುಮಾರು 32,000 ಡಾಲರ್. ಹಳೆಯ ಪಾತ್ರೆಗೂ ಅರ್ಧ ಗಂಟೆ ಚೌಕಾಸಿ ಮಾಡುವ ನಮ್ಮ ಬೀದಿಯ ಗೃಹಿಣಿಯರನ್ನು ಆ ವ್ಯವಹಾರಕ್ಕೆ ಕಳುಹಿಸಬೇಕಿತ್ತು.

ಅಮೆರಿಕ ಮಾಡಿದ್ದು ಇಪ್ಪತ್ತು ವರ್ಷಗಳ ಒಂದು ಪ್ರಯತ್ನವಲ್ಲ, ಒಂದೊಂದು ವರ್ಷದ ಇಪ್ಪತ್ತು ಪ್ರಯತ್ನಗಳು ಎಂದೂ ಆ ವರದಿ ಹೇಳುತ್ತದೆ. ಒಂದೇ ತರಗತಿಯಲ್ಲಿ ಇಪ್ಪತ್ತು ಸಲ ಕುಳಿತವನನ್ನು ನಮ್ಮೂರಲ್ಲಿ ಅನುಭವಿ ಎನ್ನುವ ರೂಢಿಯಿಲ್ಲ.

ಆದರೆ ಆ ತರಗತಿಯ ಹಿರಿಯ ವಿದ್ಯಾರ್ಥಿ ಬ್ರಿಟನ್. 1838ರ ಅಕ್ಟೋಬರ್ 1ರಂದು ಗವರ್ನರ್ ಜನರಲ್ ಆಕ್ಲೆಂಡ್ ಸಿಮ್ಲಾದಿಂದ ಹೊರಡಿಸಿದ ಘೋಷಣೆಯ ಸಾರವಿಷ್ಟು: ಈಗಿನ ಅಮೀರ ದೋಸ್ತ್ ಮಹಮ್ಮದನನ್ನು ಇಳಿಸಿ, ಹಿಂದೆ ಪದಚ್ಯುತನಾದ ಅರಸ ಷಾ ಷೂಜಾನನ್ನು ಕಾಬೂಲಿನ ಗದ್ದುಗೆಯಲ್ಲಿ ಕೂರಿಸುತ್ತೇವೆ, ಕೂರಿಸಿದೊಡನೆ ನಮ್ಮ ಸೈನ್ಯ ಹಿಂದಿರುಗುತ್ತದೆ. ಕೆಲಸ ಮುಗಿದೊಡನೆ ಹೊರಡುತ್ತೇವೆಂಬ ಈ ವಾಕ್ಯಕ್ಕೆ ಇನ್ನೂರು ವರ್ಷಗಳಾಗುತ್ತ ಬಂದರೂ ಬಣ್ಣ ಮಾಸಿಲ್ಲ. ದಂಡಯಾತ್ರೆಯಲ್ಲಿ ಒಂದು ರೆಜಿಮೆಂಟಿನ ಅಧಿಕಾರಿಗಳ ಸಿಗಾರು ಹೊರಲೆಂದೇ ಎರಡು ಒಂಟೆಗಳಿದ್ದವಂತೆ. ಇಷ್ಟು ಧಾರಾಳವಾಗಿ ಹೊರಟವರಿಗೆ 1841ರಲ್ಲಿ ಮಿತವ್ಯಯದ ಜ್ಞಾನೋದಯವಾಯಿತು. ಕಾಬೂಲಿನಿಂದ ಜಲಾಲಾಬಾದಿಗೆ ಹೋಗುವ ಕಣಿವೆಗಳನ್ನು ಕಾಯುತ್ತಿದ್ದ ಘಿಲ್ಜಾಯಿ ಬುಡಕಟ್ಟಿನ ಸರದಾರರಿಗೆ ಕೊಡುತ್ತಿದ್ದ ಹಣವನ್ನು ಅರ್ಧಕ್ಕೆ ಇಳಿಸಿದರು. ಕಣಿವೆಗಳು ಮುಚ್ಚಿದವು. ಸಿಗಾರಿನ ಒಂಟೆಗಳನ್ನು ಬಿಟ್ಟು ದಾರಿಯ ಕಾವಲನ್ನು ಕತ್ತರಿಸಿದ ಆ ಲೆಕ್ಕಾಚಾರದ ಫಲವಾಗಿ, 1842ರ ಜನವರಿ 6ರಂದು ಸುಮಾರು 4,500 ಸೈನಿಕರೂ 12,000 ಪರಿವಾರದವರೂ ಹಿಮದಲ್ಲಿ ಅದೇ ಕಣಿವೆಗಳ ಮೂಲಕ ಹಿಂದಿರುಗಬೇಕಾಯಿತು. ಆ ಪರಿವಾರದಲ್ಲಿದ್ದವರು ಬಹುತೇಕ ಹಿಂದುಸ್ತಾನದ ಬಡವರು, ಅವರ ಹೆಂಡಿರು ಮಕ್ಕಳು. ಒಂದು ವಾರದ ನಂತರ ಗಾಯಗೊಂಡ ಡಾಕ್ಟರ್ ಬ್ರೈಡನ್ ಬಸವಳಿದ ಕುದುರೆಯ ಮೇಲೆ ಒಬ್ಬರೇ ಜಲಾಲಾಬಾದ್ ತಲುಪಿದರು. ಅದೇ ದಿನ ಗಂಡಮಕ್ ಗುಡ್ಡದ ಮೇಲೆ ಉಳಿದ ತುಕಡಿ ನೆಲಕ್ಕೊರಗಿತು.

ಪಾಠ ಮನದಟ್ಟಾಗಲು 37 ವರ್ಷ ಬೇಕಾಯಿತು. 1879ರ ಮೇ ತಿಂಗಳಿನಲ್ಲಿ ಅದೇ ಗಂಡಮಕ್‌ನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ಕವಾನ್ಯಾರಿ ಎಂಬವರನ್ನು ಕಾಬೂಲಿಗೆ ರಾಯಭಾರಿಯಾಗಿ ಕಳುಹಿಸಿದರು. ಸೆಪ್ಟೆಂಬರ್ 2ರಂದು ಅವರಿಂದ ಬಂದ ತಂತಿ ಎಲ್ಲವೂ ಕ್ಷೇಮ ಎಂದಿತು. 3ರಂದು ಅವರ ಕೊಲೆಯಾಯಿತು.

ಸೋವಿಯತ್ ಒಕ್ಕೂಟ ಈ ಶಾಲೆಗೆ ಸೇರಿದ್ದು 1979ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಹಫೀಜುಲ್ಲಾ ಅಮೀನನ ಬೇಡಿಕೆಯ ಮೇರೆಗೇ. ಡಿಸೆಂಬರ್ 27ರಂದು ಅವನ ಊಟಕ್ಕೆ ಸೋವಿಯತ್ ಗುಪ್ತಚರರು ವಿಷ ಬೆರೆಸಿದರು, ಒಳಗುಟ್ಟು ಅರಿಯದ ಸೋವಿಯತ್ ವೈದ್ಯರು ಅವನನ್ನು ಉಳಿಸಿದರು, ಸಂಜೆ ಸೋವಿಯತ್ ಸೈನಿಕರು ಬಂದು ಕೊಂದರು. ಒಂದೇ ದಿನದಲ್ಲಿ ಮೂರು ಇಲಾಖೆಗಳ ಇಂಥ ಸಮನ್ವಯವನ್ನು ನಮ್ಮ ರಸ್ತೆ ಅಗೆಯುವವರೂ ಸಾಧಿಸಿಲ್ಲ.

ಇಷ್ಟಾದರೂ ಸೋಲನ್ನು ನಿಭಾಯಿಸುವ ಕಲೆಯಲ್ಲಿ ಆಕ್ಲೆಂಡರ ಉತ್ತರಾಧಿಕಾರಿ ಎಲೆನ್‌ಬರೋ ಅವರನ್ನು ಮೀರಿಸಿದವರಿಲ್ಲ. ಇತರರು ಕೋಟೆ ಹೋದ ಮೇಲೆ ಬಾಗಿಲು ಹಾಕಿದರೆ, ಅವರು ಬಾಗಿಲನ್ನೇ ಕೀಳಿಸಿ ತಂದರು. ಸೇಡಿಗಾಗಿ 1842ರಲ್ಲಿ ಮತ್ತೆ ನುಗ್ಗಿದ ಸೈನ್ಯ ಕಾಬೂಲಿನ ಪೇಟೆಯನ್ನು ಉಡಾಯಿಸಿತು. ಘಜ್ನಿಯಲ್ಲಿ ಮಹಮೂದನ ಗೋರಿಯ ಕದಗಳನ್ನು ಕಳಚಿ, ಇವು ಸೋಮನಾಥದಿಂದ ಒಯ್ದವೆಂದೂ 800 ವರ್ಷಗಳ ಅವಮಾನಕ್ಕೆ ಪ್ರತೀಕಾರವಾಯಿತೆಂದೂ ಎಲೆನ್‌ಬರೋ ಇಲ್ಲಿನ ರಾಜರಿಗೆ ಸಾರಿದರು. ಆಗ್ರಾ ಮುಟ್ಟಿದ ಕದಗಳನ್ನು ಬಲ್ಲವರು ಪರೀಕ್ಷಿಸಿದಾಗ ಅವು ಸೋಮನಾಥದ ಶ್ರೀಗಂಧವಲ್ಲ, ಆ ಸೀಮೆಯದೇ ದೇವದಾರು ಎಂದು ತಿಳಿಯಿತು. ಯಾರನ್ನು ಇಳಿಸಲೆಂದು ಇಷ್ಟೆಲ್ಲ ನಡೆಯಿತೋ ಆ ದೋಸ್ತ್ ಮಹಮ್ಮದನನ್ನು ಬ್ರಿಟಿಷರೇ ಸೆರೆಯಿಂದ ಬಿಟ್ಟರು, ಅವನು ಹೋಗಿ 1843ರಲ್ಲಿ ತನ್ನ ಗದ್ದುಗೆಯ ಮೇಲೆ ಕುಳಿತ. ಕದಗಳು ಮಾತ್ರ ಆಗ್ರಾ ಕೋಟೆಯಲ್ಲೇ ಉಳಿದವು, ಯಾವ ಚೌಕಟ್ಟಿಗೂ ಹೊಂದದೆ.