ಮಿಲ್ ಮುಚ್ಚಿತು, ಶೆಡ್ ಉಳಿಯಿತು: ಮುಂದೇನು?

ಬಟ್ಟೆ ಮಿಲ್ ಮುಚ್ಚಿದ ಮೇಲೆ ಆ ಕಟ್ಟಡವನ್ನು ಏನು ಮಾಡಬೇಕು? ಕೆಡವದೆ ಉಳಿಸಿಕೊಂಡು ಆಫೀಸು, ಗ್ಯಾಲರಿ, ನಾಟಕದ ಜಾಗ, ಹೋಟೆಲ್ ಮಾಡುವುದು ಸರಿಯೇ? ಮುಂಬೈಯಲ್ಲಿ ಈ ಜಗಳ ಮೂವತ್ತು ವರ್ಷದಿಂದ ನಡೆದೇ ಇದೆ. ಬೆಂಗಳೂರಿಗೂ ಇದು ಹೊಸದಲ್ಲ.

ಪರ: ಕೆಡವಿದರೆ ಮತ್ತೆ ಬರುವುದಿಲ್ಲ

ಹಳೇ ಮಿಲ್‌ನ ಶೆಡ್ ಒಳಗೆ ನಿಂತು ಒಮ್ಮೆ ತಲೆ ಎತ್ತಿ ನೋಡಿ. ಗರಗಸದ ಹಲ್ಲಿನ ಹಾಗೆ ಚಾವಣಿ. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು, ಆ ಗಾಜಿನ ಮುಖ ಉತ್ತರಕ್ಕೆ. ಹಾಗಾಗಿ ಬಿಸಿಲು ನೇರವಾಗಿ ಒಳಗೆ ಬೀಳುವುದು ಕಮ್ಮಿ, ಬೆಳಕು ಮಾತ್ರ ದಿನವಿಡೀ ಹೆಚ್ಚುಕಮ್ಮಿ ಒಂದೇ ಸಮ. ಮಗ್ಗದ ಮುಂದೆ ನಿಂತವನಿಗೆ ಹರಿದ ಎಳೆ ತಕ್ಷಣ ಕಾಣಲಿ ಅಂತ ಮಾಡಿದ ಏರ್ಪಾಟು ಅದು. ಇಂಥ ಬೆಳಕಿಗಾಗಿಯೇ ಇವತ್ತು ಗ್ಯಾಲರಿ ಕಟ್ಟುವವರು ದುಡ್ಡು ಸುರಿಯುತ್ತಾರೆ.

ನೆಲವೂ ಹಾಗೇ. ನೂರಾರು ಮಗ್ಗಗಳ ಭಾರವನ್ನೂ ನಡುಕವನ್ನೂ ವರ್ಷಗಟ್ಟಲೆ ತಡೆದದ್ದು. ಎರಕದ ಕಬ್ಬಿಣದ ಕಂಬಗಳ ಸಾಲು, ನಡುವೆ ಗೋಡೆಗಳ ಕಾಟ ಇಲ್ಲ. ನಾಟಕದ ತಂಡ ತಾಲೀಮು ಮಾಡಬಹುದು, ಹತ್ತು ಜನರ ಸ್ಟಾರ್ಟಪ್ ಕೂರಬಹುದು, ನೇಕಾರರೇ ಬಂದು ಸಂತೆ ಹಾಕಬಹುದು. ಮಾಲ್‌ನ ಬಾಡಿಗೆ ಕೊಡಲಾಗದವರಿಗೆ ಇಂಥ ಒರಟು ಜಾಗ ಬೇಕೇ ಬೇಕು. ಹೊಸದಾಗಿ ಕಟ್ಟುವ ಸಿಮೆಂಟು, ಉಕ್ಕು, ಕೆಡವಿದ ಅವಶೇಷ ಸಾಗಿಸುವ ಲಾರಿ, ಎಲ್ಲವೂ ಉಳಿತಾಯ.

ಕನಸು ಅಂತ ನಗಬೇಡಿ. ಪೋಲೆಂಡ್‌ನ ವುಚ್ ನಗರದಲ್ಲಿ ಪೊಜ್ನಾನ್‌ಸ್ಕಿ ಎಂಬ ಉದ್ಯಮಿಯ 19ನೇ ಶತಮಾನದ ಹತ್ತಿ ಕಾರ್ಖಾನೆ ಇತ್ತು. ಅದೇ ಕೆಂಪು ಇಟ್ಟಿಗೆಯ ಆವರಣ 2006ರಲ್ಲಿ ಮನುಫಕ್ತುರ ಎಂಬ ಹೆಸರಲ್ಲಿ ತೆರೆಯಿತು. ಅಂಗಡಿ, ಸಿನಿಮಾ, ಹೋಟೆಲ್ ಎಲ್ಲಾ ಇವೆ. ಹಳೆಯ ನೇಯ್ಗೆ ಕಟ್ಟಡವೊಂದರಲ್ಲಿ 2008ರಿಂದ ಆಧುನಿಕ ಕಲೆಯ ಮ್ಯೂಸಿಯಂ ಇದೆ.

ನಾವೇನು ಮಾಡಿದೆವು? ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ 2010ರಲ್ಲಿ ಮಾಲ್ ಬಂತು. ಪಕ್ಕದ ಮೆಟ್ರೋ ನಿಲ್ದಾಣಕ್ಕೂ ಮಾಲ್‌ನ ಹೆಸರೇ ಸೇರಿಕೊಂಡಿತು. ರಾಜಾ ಮಿಲ್ ಎಲ್ಲಿತ್ತು ಅಂತ ಈಗಿನ ಹುಡುಗರನ್ನು ಕೇಳಿ ನೋಡಿ. 1884ರಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಮಿಲ್ ಒಂದು ಬಡಾವಣೆಗೇ ಹೆಸರು ಕೊಟ್ಟಿತು. ಬಿನ್ನಿಪೇಟೆ ಎಂಬ ಹೆಸರು ಉಳಿಯಿತು, ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು. ಇನ್ನು ಮಿನರ್ವ ಮಿಲ್. 1980ರಲ್ಲಿ ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಗಟ್ಟಿಯಾಗಿ ಹೇಳಿದ್ದು ಈ ಮಿಲ್‌ನ ಕೇಸಿನಲ್ಲೇ. ಕಾನೂನು ಓದುವ ಹುಡುಗರಿಗೆ ದೇಶದಾದ್ಯಂತ ಈ ಹೆಸರು ಬಾಯಿಪಾಠ. ಅದು ಬೆಂಗಳೂರಿನ ಬಟ್ಟೆ ಮಿಲ್ ಎಂದು ಎಷ್ಟು ಜನಕ್ಕೆ ಗೊತ್ತು? ಆಮೇಲೆ ಅಲ್ಲಿ ಸಿನಿಮಾದವರು ಸೆಟ್ ಹಾಕಿದರು. ಖಾಲಿ ಮಿಲ್‌ನಿಂದ ಕೆಲಸ ಹುಟ್ಟುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಅದನ್ನು ನೆಟ್ಟಗೆ, ಊರಿನವರಿಗೂ ಬಾಗಿಲು ತೆರೆದು ಮಾಡಿ ಅಂತಷ್ಟೇ ಕೇಳುತ್ತಿರುವುದು.

ವಿರೋಧ: ಶೆಡ್ ಉಳಿಯಿತು, ಪಾಲು ಎಲ್ಲಿ?

ಆ ಉತ್ತರದ ಬೆಳಕು ಚೆಂದ, ಒಪ್ಪೋಣ. ಅದರ ಕೆಳಗೆ ಹತ್ತಿಯ ಧೂಳೂ ಇತ್ತು. ಬೇಲು ಬಿಚ್ಚಿ ಹತ್ತಿ ಹಿಂಜುವ ವಿಭಾಗದಲ್ಲಿ ದುಡಿದವರಿಗೆ ಎದೆ ಬಿಗಿತ, ಕೆಮ್ಮು, ದಮ್ಮು. ವೈದ್ಯರು ಅದನ್ನು ಬಿಸಿನೋಸಿಸ್ ಅನ್ನುತ್ತಾರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಜಾಸ್ತಿ ಕಾಡುವ ಕಾಯಿಲೆ. ಈಗ ಅದೇ ಚಿಮಣಿಯ ಕೆಳಗೆ ಸೆಲ್ಫಿ, ಕಾಫಿಗೆ ನಾನೂರು ರೂಪಾಯಿ. ಇದಕ್ಕೆ ಸಂಸ್ಕೃತಿ ಅನ್ನುವ ಹೆಸರು ಬೇರೆ.

ಕಟ್ಟಡದ ಬಗ್ಗೆ ನನಗೆ ಸಿಟ್ಟಿಲ್ಲ. ಮುಂಬೈಯಲ್ಲಿ ಆದದ್ದನ್ನು ನೋಡಿದರೆ ಮೈ ಉರಿಯುತ್ತದೆ. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಹೇಳಲಿಲ್ಲ. ಕೆಲಸ ಮಾತ್ರ ಹೋಯಿತು. ಹೋದದ್ದು ಮಿಲ್‌ನವರ ಕೆಲಸ ಒಂದೇ ಅಲ್ಲ. ಕೊಂಕಣದಿಂದ ಒಬ್ಬಂಟಿಯಾಗಿ ಬಂದ ಗಂಡಸರಿಗೆ ಚಾಳಿನ ಒಂದೇ ಕೋಣೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರಿದ್ದರು. ತಿಂಗಳ ಲೆಕ್ಕದ ಖಾನಾವಳಿ. ಅಂಗಡಿಯವನ ಹತ್ತಿರ ಸಾಲಕ್ಕೆ ದಿನಸಿ ತಂದು, ಸಂಬಳದ ದಿನ ತೀರಿಸುವ ಬದುಕು. ಸಾಲದಿಂದ ಪಾರಾಗಲೆಂದೇ ಹೋರಾಟಗಾರ್ತಿ ಪ್ರೇಮಾ ಪುರಾವ್ ಜೊತೆ ಸೇರಿ ಈ ಹೆಂಗಸರು 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಲ ಕಟ್ಟಿಕೊಂಡಿದ್ದರು. ಉಣ್ಣುವವರ ಸಂಬಳವೇ ನಿಂತ ಮೇಲೆ ಒಲೆ ಹೇಗೆ ಉರಿಯಬೇಕು? ಉಳಿಸಿದ ಯಾವ ಶೆಡ್ಡಿನಲ್ಲಿ ಈ ಹೆಂಗಸರ ಒಲೆಗೆ ಜಾಗ ಇದೆ, ಹೇಳಿ.

ಈಗ ಜಾಗದ ಲೆಕ್ಕಕ್ಕೆ ಬರೋಣ, ನಿಜವಾದ ಕಥೆ ಅಲ್ಲೇ ಇರುವುದು. 1991ರ ನಿಯಮದ ಪ್ರಕಾರ ಮಿಲ್ ಜಾಗ ಬೇರೆ ಕೆಲಸಕ್ಕೆ ತಿರುಗಿದರೆ ಮೂರು ಪಾಲಾಗಬೇಕಿತ್ತು. ಹೆಚ್ಚುಕಮ್ಮಿ ಒಂದು ಪಾಲು ಊರಿನ ಬಯಲು, ಉದ್ಯಾನಕ್ಕೆ, ಒಂದು ಬಡವರ ಮನೆಗಳಿಗೆ, ಒಂದು ಮಾಲೀಕರಿಗೆ. 2001ರಲ್ಲಿ ತಿದ್ದುಪಡಿ ಬಂತು. ಆಗಲೇ ಖಾಲಿ ಬಿದ್ದಿದ್ದ ಜಾಗವನ್ನು ಮಾತ್ರ ಹಂಚಿದರೆ ಸಾಕು, ಕಟ್ಟಡ ನಿಂತ ಜಾಗ ಲೆಕ್ಕಕ್ಕಿಲ್ಲ! ಮಿಲ್ ಅಂದರೆ ಬಹುಪಾಲು ಕಟ್ಟಡವೇ ಅಲ್ವಾ? ಸುಮಾರು 600 ಎಕರೆಯ ಮಿಲ್ ಜಾಗದಲ್ಲಿ ಊರಿಗೆ ಸಿಗಬೇಕಾದದ್ದು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. 2012ರಲ್ಲಿ ಕಾರ್ಮಿಕರಿಗೆ ಮನೆಯ ಮೊದಲ ಲಾಟರಿ ಎತ್ತಿದಾಗ ಮನೆಗಳು 7 ಸಾವಿರದ ಆಸುಪಾಸು. ಅರ್ಜಿ ಒಂದೂವರೆ ಲಕ್ಷದ ಹತ್ತಿರ. ಮೂವತ್ತು ವರ್ಷ ಕಾದು ಲಾಟರಿ!

ಸುರಕ್ಷತೆಯ ಮಾತೂ ಇದೆ. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬೈನ ಕಮಲಾ ಮಿಲ್ಸ್ ಆವರಣದ ಚಾವಣಿ ಮೇಲಿನ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ನೂಲು, ಬಟ್ಟೆಗೆಂದು ಇಟ್ಟ ಆವರಣದಲ್ಲಿ ಪಬ್ಬಿನ ಮೇಲೆ ಪಬ್ಬು ತುರುಕಿದರೆ ಫೈರ್ ಎಂಜಿನ್ ತಿರುಗುವುದೆಲ್ಲಿ, ಜನ ಓಡುವುದೆಲ್ಲಿ?

ಪೋಲೆಂಡ್ ಉದಾಹರಣೆ ಕೊಡುವವರು ಮುಂಬೈ ದಾದರ್‌ನ ಇಂದೂ ಮಿಲ್ ಕಡೆಗೂ ನೋಡಲಿ. ಅಂಬೇಡ್ಕರ್ ಅನುಯಾಯಿಗಳು ವರ್ಷಗಟ್ಟಲೆ ಹೋರಾಡಿ, ಅಂಬೇಡ್ಕರರ ಅಂತ್ಯಸಂಸ್ಕಾರ ನಡೆದ ಚೈತ್ಯಭೂಮಿಯ ಪಕ್ಕದ ಆ 12 ಎಕರೆಯನ್ನು ಸ್ಮಾರಕಕ್ಕೆ ಪಡೆದರು. ಅಲ್ಲಿ ಶೆಡ್ಡು ಉಳಿಯಲಿಲ್ಲ, ಜಾಗ ಜನರಿಗೆ ಬಂತು. ನನಗೆ ಇಟ್ಟಿಗೆಗಿಂತ ಅದು ದೊಡ್ಡದು.

ಹುಬ್ಬಳ್ಳಿಯಲ್ಲಿ ಇವತ್ತಿಗೂ ಗಿರಣಿ ಚಾಳ ಅಂತ ಓಣಿ ಇದೆ. ಮಿಲ್ ಮಂದಿ ಇದ್ದ ಜಾಗ. ನಾಳೆ ಯಾರಾದರೂ ಹಳೇ ಮಿಲ್ ಉಳಿಸುತ್ತೇವೆ ಅಂತ ನಕ್ಷೆ ಹಿಡಿದು ಬಂದರೆ ಮೊದಲು ಆ ನಕ್ಷೆಯಲ್ಲಿ ಚಾಳ ಎಲ್ಲಿದೆ ಅಂತ ಕೇಳಿ. ಬಾಕಿ ಸಂಬಳ, ಗ್ರಾಚ್ಯುಟಿ ತೀರಿದೆಯಾ, ಮನೆಗೆ ಎಷ್ಟು ಎಕರೆ, ಮಕ್ಕಳು ಆಡುವ ಬಯಲು ಎಷ್ಟು ಅಂತ ಬರೆಸಿಕೊಳ್ಳಿ. ಗ್ಯಾಲರಿಯ ಬಾಗಿಲು ಯಾವ ಕಡೆಗಿರಬೇಕು ಅನ್ನುವುದನ್ನು ಆಮೇಲೆ ಮಾತಾಡೋಣ.